ಅಲಸಂದಿಯ ಹುಟ್ಟುವಳಿಯೂ ಸೇಂದ್ರಿಯ ಗೊಬ್ಬರವೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ನಾಲ್ಕು ತಾಲೂಕುಗಳ ಒಕ್ಕಲುತನದಲ್ಲಿ ಅಲಸಂದಿಯು ಬಹು ಕಾಲದಿಂದ ನಡೆದುಬಂದ ಪೀಕಾಗಿದೆ. ಸಜ್ಜೆಯ ಸಾಲುಗಳ ನಡುವೆಯೂ, ತೊಗರಿಯ ಮಗ್ಗುಲಲ್ಲಿಯೂ, ಜೋಳದ ಹೊಲದಲ್ಲಿ ಅಕ್ಕಡಿಯಾಗಿಯೂ ಇದನ್ನು ಬಿತ್ತುವ ರೂಢಿಯುಂಟು. ಇದರ ಕಾಳು ಮನೆಮಂದಿಗೆ ಪುಷ್ಟಿಕರವಾದ ಆಹಾರ, ಎಳೆಗಾಯಿ ಪಲ್ಲೆಗೆ ಬರುವಂಥದು, ಬಳ್ಳಿಯೂ ಹೊಟ್ಟೂ ದನಗಳಿಗೆ ಒಳ್ಳೆಯ ಮೇವು. ಇಷ್ಟು ಉಪಕಾರವನ್ನು ಮಾಡುವ ಪೀಕಿಗೆ ನಾವು ಕೊಡುವ ಆರೈಕೆಯಾದರೋ ತೀರ ಅಲ್ಪವಾದದ್ದು. ಒಳ್ಳೆಯ ಹೊಲವು ಜೋಳಕ್ಕೂ ಕಡಲೆಗೂ ಸಲ್ಲುವದು. ತಿಪ್ಪೆಯಲ್ಲಿದ್ದ ಗೊಬ್ಬರವು ಕಬ್ಬಿಗೂ ಮೆಣಸಿನಕಾಯಿಗೂ ಹೋಗುವದು. ಉಳಿದ ಬಡ ಹೊಲವೂ ಉಳಿದ ಬೀಜವೂ ಅಲಸಂದಿಯ ಪಾಲಿಗೆ ಬರುವವು.

“ದ್ವಿದಳ ಧಾನ್ಯಕ್ಕೆ ಗೊಬ್ಬರವೇಕೆ? ಅದು ತನಗೆ ಬೇಕಾದ ಸಾರವನ್ನು ತಾನೇ ಮಾಡಿಕೊಳ್ಳುವದಲ್ಲವೆ?” ಎಂದು ಅನುಭವಸ್ಥರಾದ ಹಿರಿಯರೂ ಕೇಳುವದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧದಲ್ಲಿರುವ ತಪ್ಪಿನಿಂದಲೇ ನಮ್ಮ ಹೊಲಗಳಲ್ಲಿ ಈ ಪೀಕು ತನ್ನ ಶಕ್ತಿಯಿದ್ದಷ್ಟು ಬೆಳೆಯದೆ ಹೋಗುತ್ತಿದೆ. ಈ ಎರಡನ್ನೂ ಬಿಡಿಸಿ ತೋರಿಸಿ, ನಮ್ಮ ಭಾಗದಲ್ಲಿಯೇ ದೊರೆಯುವ ಸೇಂದ್ರಿಯ ಪದಾರ್ಥಗಳಿಂದ ಭೂಮಿಯನ್ನು ಹೇಗೆ ಸುಧಾರಿಸಬಹುದೆಂಬುದನ್ನು ಊರ ಪ್ರಮುಖರ ಹಾಗೂ ಜಮೀನುದಾರರ ಮುಂದೆ ಇಡುವದೇ ಈ ಲೇಖನದ ಉದ್ದೇಶವು.

ಬೇರಿನ ಗಂಟುಗಳ ಕೆಲಸ

ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದ್ದರೂ ಜೋಳ, ಸಜ್ಜೆ ಮೊದಲಾದ ಪೀಕುಗಳಿಗೆ ಅದನ್ನು ಉಪಯೋಗಿಸಿಕೊಳ್ಳುವ ಶಕ್ತಿಯಿಲ್ಲ. ದ್ವಿದಳ ಸಸ್ಯಗಳ ಬೇರಿನ ಗಂಟುಗಳ ಮೂಲಕ ಈ ಕೆಲಸವಾಗುವದೆಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಹಾಗೂ ವಿಲ್‌ಫಾರ್ಥ್ ಎಂಬ ಶಾಸ್ತ್ರಜ್ಞರು 1886ರಿಂದ 1888ರ ಅವಧಿಯಲ್ಲಿ ತೋರಿಸಿಕೊಟ್ಟರು. ಹಾಲೆಂಡಿನ ಬೈಯರಿಂಕ್ ಎಂಬವರು 1888ರಲ್ಲಿ ಆ ಗಂಟುಗಳೊಳಗಿನ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿದರು. ಅಲಸಂದಿಯಲ್ಲಿ ಗಂಟು ಕಟ್ಟುವ ಜೀವಿಗಳ ಗುಂಪೇ ಹೆಸರು, ತೊಗರಿ, ಶೇಂಗಾ ಮೊದಲಾದ ಪೀಕುಗಳಲ್ಲಿಯೂ ಗಂಟು ಕಟ್ಟುವದರಿಂದ, ಇವುಗಳನ್ನು ಬೆಳೆದ ನಮ್ಮ ಹೊಲಗಳಲ್ಲಿ ಆ ಜೀವಿಗಳು ಕೆಲಮಟ್ಟಿಗೆ ಮೊದಲೇ ಇರುತ್ತವೆ.

ಇಲ್ಲಿಯವರೆಗೆ ಹಿರಿಯರ ಮಾತು ಸರಿಯೇ. ಆದರೆ ಗಂಟಿನೊಳಗಿನ ಜೀವಿಯು ತಾನಾಗಿಯೇ ದುಡಿಯಲಾರದು. ಅದಕ್ಕೆ ಮಣ್ಣಿನಲ್ಲಿ ಗಾಳಿಯಾಡಬೇಕು, ಹಸಿ ಇರಬೇಕು, ರಂಜಕವು ದೊರೆಯಬೇಕು. ಭೂಮಿಯು ಗಟ್ಟಿಯಾಗಿ ಒಣಗಿದಲ್ಲಿ ಗಂಟುಗಳು ಸಣ್ಣವಾಗಿ, ಬಿಳುಪಾಗಿ, ನಿರುಪಯೋಗಿಗಳಾಗಿ ಉಳಿಯುವವು. ಆದಕಾರಣ ಅಲಸಂದಿಗೆ ನಾವು ಗೊಬ್ಬರವನ್ನು ಹಾಕುವದು ಮುಖ್ಯವಾಗಿ ಸಾರಜನಕಕ್ಕಾಗಿ ಅಲ್ಲ. ಮಣ್ಣನ್ನು ಸಡಿಲಗೊಳಿಸಿ, ಹಸಿಯನ್ನು ಹಿಡಿದಿಟ್ಟು, ರಂಜಕವನ್ನು ಬಿಡಿಸಿಕೊಟ್ಟು, ಆ ಜೀವಿಗಳು ದುಡಿಯಲು ತಕ್ಕ ನೆಲೆಯನ್ನು ಮಾಡಿಕೊಡುವದಕ್ಕಾಗಿ ಎಂದು ತಿಳಿಯತಕ್ಕದ್ದು. ಈ ಒಂದು ತತ್ವವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಎಲ್ಲ ಸೂಚನೆಗಳ ಕಾರಣವೂ ಸಹಜವಾಗಿ ಹೊಳೆಯುವದು.

ನಮ್ಮ ಭಾಗದ ಭೂಮಿಯ ಗುಣ

ಈ ಭಾಗದಲ್ಲಿ ವರುಷದ ಮಳೆಯು ಸಾಮಾನ್ಯವಾಗಿ 500ರಿಂದ 600 ಮಿಲಿಮೀಟರು, ಅಂದರೆ ಸುಮಾರು 20ರಿಂದ 24 ಇಂಚು ಮಾತ್ರ. ಅದರಲ್ಲಿಯೂ ಸೆಪ್ಟೆಂಬರಿನ ಮಳೆಯೇ ಹೆಚ್ಚು. ಮುಂಗಾರಿಯಲ್ಲಿ ಬಿತ್ತಿದ ಪೀಕು ಜುಲೈ ಆಗಸ್ಟ ತಿಂಗಳುಗಳಲ್ಲಿ ಎರಡು ಮೂರು ವಾರ ಮಳೆಯಿಲ್ಲದೆ ಬಾಡುವದು ಎಲ್ಲರೂ ಕಂಡ ವಿಷಯವು.

ಭೂಮಿಯಲ್ಲಿ ಮುಖ್ಯವಾಗಿ ಎರಡು ಬಗೆ. ಹೊಳೆಗಳ ದಂಡೆಯ ಬಯಲಿನಲ್ಲಿಯೂ ಬಾಗಲಕೋಟೆಯ ಸುಣ್ಣಕಲ್ಲಿನ ಪ್ರದೇಶದಲ್ಲಿಯೂ ಎರೆಯ ಭೂಮಿಯಿದೆ. ಎರೆಯು ನೀರನ್ನು ಚೆನ್ನಾಗಿ ಹಿಡಿಯುವದು. ಆದರೆ ಸುಣ್ಣದ ಅಂಶವೂ ಕ್ಷಾರದ ಗುಣವೂ ಹೆಚ್ಚಾದುದರಿಂದ ರಂಜಕವನ್ನು ಬಿಗಿಹಿಡಿದು ಬೇರಿಗೆ ದೊರಕಗೊಡುವದಿಲ್ಲ. ಒಣಗಿದರೆ ಬಿರಿಯುವದು, ತೊಯ್ದರೆ ಗಾಳಿಯಾಡದಂತೆ ಅಂಟಾಗುವದು. ಎರಡನೆಯದು ಮಸಾರಿ ಭೂಮಿ. ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳ ಅಡಿಯಲ್ಲಿಯೂ, ಕೆಂಪು ಗ್ರಾನೈಟಿಗೆ ಹೆಸರಾದ ಇಳಕಲ್ಲ, ಹುನಗುಂದಗಳ ಸುತ್ತಿನಲ್ಲಿಯೂ ಇದು ಕಾಣುವದು. ಮಸಾರಿಯು ಹಗುರಾದದ್ದು, ಗಾಳಿಯಾಡುವದು, ಆದರೆ ಹಸಿಯನ್ನು ಹಿಡಿಯಲಾರದು.

ಎರಡು ಬಗೆಯ ಭೂಮಿಯಲ್ಲಿಯೂ ಸೇಂದ್ರಿಯ ಪದಾರ್ಥವು ಕಡಿಮೆಯಾಗಿದೆ. ನಮ್ಮ ಬಿಸಿಲಿನಲ್ಲಿ ಅದು ಬೇಗನೆ ಕರಗಿಹೋಗುವದರಿಂದ ಒಮ್ಮೆ ಹಾಕಿ ಬಿಟ್ಟರೆ ಸಾಲದು. ಕಳಿತ ಗೊಬ್ಬರವು ಎರೆಯನ್ನು ಬಿಡಿಬಿಡಿಯಾಗಿಸುವದು, ಮಸಾರಿಯನ್ನು ಕೂಡಿಹಿಡಿಯುವದು. ಅದು ಕಳಿಯುವಾಗ ಹುಟ್ಟುವ ಆಮ್ಲಗಳು ಸುಣ್ಣದ ಹಿಡಿತದಲ್ಲಿದ್ದ ರಂಜಕವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುವವು.

ಇದು ಹೊಸದಾಗಿ ಕಂಡುಹಿಡಿದ ಮಾತಲ್ಲ. 1930ರ ದಶಕದಲ್ಲಿ ಸೊಲ್ಲಾಪುರ, ರಾಯಚೂರು, ಹಗರಿ, ರೋಹತಕಗಳೊಡನೆ ವಿಜಾಪುರದಲ್ಲಿಯೂ ಒಣಬೇಸಾಯದ ಸಂಶೋಧನೆಯು ನಡೆಯಿತು. ಈಗಿನ ಬಾಗಲಕೋಟೆ ಜಿಲ್ಲೆಯು 1997ರವರೆಗೆ ಆ ವಿಜಾಪುರ ಜಿಲ್ಲೆಯ ಭಾಗವೇ ಆಗಿತ್ತು. ಆ ಪ್ರಯೋಗಗಳಿಂದ ರೂಪುಗೊಂಡ ಮುಂಬಯಿ ಒಣಬೇಸಾಯ ಪದ್ಧತಿಯಲ್ಲಿ ಒಡ್ಡು ಹಾಕುವದು, ಆಳವಾಗಿ ನೇಗಿಲು ಹೊಡೆಯುವದು, ಅಂತರ ಬಿಟ್ಟು ಕಡಿಮೆ ಬೀಜ ಬಿತ್ತುವದು, ಮೇಲಿಂದ ಮೇಲೆ ಎಡೆ ಹೊಡೆಯುವದು ಇವುಗಳೊಡನೆ ಹೊಲಕ್ಕೆ ತಿಪ್ಪೆಗೊಬ್ಬರ ಹಾಕುವದೂ ಒಂದು ಮುಖ್ಯ ಅಂಗವಾಗಿತ್ತು. ಗೊಬ್ಬರವು ಬೆಳೆಯ ಆಹಾರ ಮಾತ್ರವಲ್ಲ, ಹಸಿಯ ಕಾವಲೂ ಹೌದು ಎಂಬುದನ್ನು ನಮ್ಮದೇ ನೆಲದ ಅನುಭವವು ಹೇಳುತ್ತದೆ.

ಗೊಬ್ಬರದ ಗುಂಡಿ

ಅನೇಕ ಊರುಗಳಲ್ಲಿ ತಿಪ್ಪೆಯು ಬಯಲಿನಲ್ಲಿ ಗುಡ್ಡೆಯಾಗಿ ಬಿದ್ದಿರುವದು. ಬೇಸಗೆಯ ಬಿಸಿಲಿಗೆ ಅದರ ಸಾರಜನಕವು ಹಾರಿಹೋಗುವದು; ಮಳೆಗಾಲದಲ್ಲಿ ಉಳಿದ ಸಾರವು ತೊಳೆದು ಹಳ್ಳ ಸೇರುವದು. ದನದ ಗಂಜಲವಂತೂ ಕೊಟ್ಟಿಗೆಯ ನೆಲದಲ್ಲಿಯೇ ಇಂಗಿ ನಷ್ಟವಾಗುವದು. ಹೊಲಕ್ಕೆ ಹೇರುವ ಹೊತ್ತಿಗೆ ಉಳಿಯುವದು ಬಹುಪಾಲು ಮಣ್ಣು ಮಾತ್ರ. ಇದನ್ನು ತಡೆಯಲು ದುಡ್ಡು ಬೇಡ, ಲಕ್ಷ್ಯವೊಂದೇ ಬೇಕು.

ಇಂದೂರಿನಲ್ಲಿ ಅಲ್ಬರ್ಟ್ ಹೊವರ್ಡ್‌ರೂ ಯಶವಂತ ವಾಡ್‌ರೂ ಕೂಡಿ ಕಸದಿಂದ ಗೊಬ್ಬರ ಮಾಡುವ ಪದ್ಧತಿಯನ್ನು ರೂಪಿಸಿ 1931ರಲ್ಲಿ ಪ್ರಕಟಿಸಿದರು. ಅದರಲ್ಲಿ ರಾಶಿಯನ್ನು ಮೇಲಿಂದ ಮೇಲೆ ಮಗುಚಿ ನೀರು ಹಾಕಬೇಕಾಗುವದು. ಸುಮಾರು ಮೂರು ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವದು. ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ರೂಪಿಸಿದ ಪದ್ಧತಿಯಲ್ಲಿ ಗುಂಡಿಯನ್ನು ಒಮ್ಮೆ ತುಂಬಿ ಮಣ್ಣಿನಿಂದ ಮೆತ್ತಿ ಬಿಡುವರು. ಕಳಿಯಲು ಆರು ತಿಂಗಳಾದರೂ ಬೇಕು. ಆದರೆ ಮಗುಚುವ ಕೂಲಿಯೂ ಹೆಚ್ಚಿನ ನೀರೂ ಬೇಕಾಗುವದಿಲ್ಲ. ಬೇಸಗೆಯಲ್ಲಿ ಕುಡಿಯುವ ನೀರಿಗೇ ಕೊರತೆಯಿರುವ ನಮ್ಮ ಊರುಗಳಿಗೆ ಈ ಎರಡನೆಯ ಪದ್ಧತಿಯೇ ಹೆಚ್ಚು ಅನುಕೂಲವಾದದ್ದು.

ಮರದ ನೆರಳಿರುವ, ನೀರು ನಿಲ್ಲದ ಎತ್ತರದ ಜಾಗದಲ್ಲಿ 6 ಫೂಟು ಅಗಲ, 3 ಫೂಟು ಆಳ, ಅನುಕೂಲವಿದ್ದಷ್ಟು ಉದ್ದದ ಗುಂಡಿಯನ್ನು ತೋಡಬೇಕು. ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಒಣಮಣ್ಣನ್ನೂ ತಿಂದುಳಿದ ಕಣಿಕೆಯನ್ನೂ ಹರವಿದರೆ ಅವು ಗಂಜಲವನ್ನು ಹೀರಿಕೊಳ್ಳುವವು. ಗಂಜಲ ಹೀರಿದ ಈ ಮಣ್ಣನ್ನೂ ಕಣಿಕೆಯನ್ನೂ ಶೇಂಗಾ ಹೊಟ್ಟು, ಕಬ್ಬಿನ ರವದಿ, ಒಣಎಲೆ, ಕಳೆಗಳೊಡನೆ ಬೆರೆಸಿ ಅರ್ಧ ಫೂಟಿನ ಥರ ಹಾಕಿ, ಮೇಲೆ ಸಗಣಿಯ ನೀರನ್ನು ಚಿಮುಕಿಸಬೇಕು. ಹೀಗೆ ಥರದ ಮೇಲೆ ಥರ ಹಾಕುತ್ತ ನೆಲಮಟ್ಟಕ್ಕಿಂತ ಒಂದೂವರೆ ಫೂಟು ಮೇಲೆ ಬಂದಾಗ ಮಣ್ಣು-ಸಗಣಿಗಳ ರಾಡಿಯಿಂದ ಮೆತ್ತಿಬಿಡಬೇಕು. ಬೀಜಗಟ್ಟಿದ ಕಳೆಯನ್ನು ಗುಂಡಿಗೆ ಹಾಕಕೂಡದು.

ರಂಜಕದ ಶಿಲೆಯ ಪುಡಿಯನ್ನು ಕೊಳ್ಳುವವರು ಒಂದು ಮಾತನ್ನು ಗಮನಿಸಬೇಕು. ಸುಣ್ಣ ಹೆಚ್ಚಿರುವ ಎರೆಯ ಹೊಲದಲ್ಲಿ ಆ ಪುಡಿಯನ್ನು ನೇರವಾಗಿ ಚೆಲ್ಲಿದರೆ ಅದು ಕರಗದೆ ಬಿದ್ದಿರುವದು. ಅದನ್ನು ಗುಂಡಿ ತುಂಬುವಾಗಲೇ ಥರಗಳ ನಡುವೆ ಹಾಕಿದರೆ ಕಸ ಕಳಿಯುವಾಗ ಸ್ವಲ್ಪ ಮಟ್ಟಿಗೆ ಕರಗಿ ಬೇರಿಗೆ ಒದಗುವದು.

ಎಷ್ಟು ಗೊಬ್ಬರ, ಯಾವಾಗ?

ಅಲಸಂದಿಗೆ ಎಕರೆಗೆ ಎರಡೂವರೆ ಟನ್ನು, ಅಂದರೆ ಅರ್ಧ ಟನ್ನಿನ ಗಾಡಿಯಾದರೆ ಐದು ಗಾಡಿ ಕಳಿತ ಗೊಬ್ಬರ ಸಾಕು. ಎರೆಹುಳುವಿನ ಗೊಬ್ಬರವಿದ್ದರೆ ಒಂದು ಟನ್ನು ಹಾಕಬಹುದು. ಸಾಧಾರಣ ತಿಪ್ಪೆಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು ಸಾರಜನಕವೂ, ಅಷ್ಟೇ ಪೊಟ್ಯಾಶೂ, ಕಾಲು ಪಾಲಿಗಿಂತ ಕಡಿಮೆ ರಂಜಕವೂ ಇರುತ್ತವೆ. ಐದು ಗಾಡಿ ಗೊಬ್ಬರದಿಂದ ಸುಮಾರು 12 ಕಿಲೋ ಸಾರಜನಕವೂ 5 ಕಿಲೋದಷ್ಟು ರಂಜಕವೂ ಭೂಮಿಗೆ ಸೇರಿದಂತಾಯಿತು. ಇವೆಲ್ಲವೂ ಮೊದಲನೆಯ ವರುಷವೇ ಬಿಡುವದಿಲ್ಲ. ಎರಡನೆಯ ಮೂರನೆಯ ವರುಷದ ಪೀಕಿಗೂ ಪಾಲು ಉಳಿಯುವದು.

ಇಷ್ಟು ಗೊಬ್ಬರ ಎಲ್ಲಿಂದ ತರಬೇಕೆಂದು ಕೇಳುವವರು ಲೆಕ್ಕ ಮಾಡಿ ನೋಡಬೇಕು. ಒಂದು ದೊಡ್ಡ ದನವು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುವದು. ಒಂದು ಜೋಡು ಎತ್ತು, ಒಂದು ಆಕಳು ಇದ್ದ ಮನೆಯಲ್ಲಿ ವರುಷಕ್ಕೆ ಹತ್ತು ಟನ್ನಿಗೆ ಮೇಲ್ಪಟ್ಟು ಹಸಿ ಸಗಣಿಯಾಯಿತು. ಇದರಲ್ಲಿ ಅರ್ಧವು ಹಾದಿಯಲ್ಲಿಯೂ ಹೊಲದಲ್ಲಿಯೂ ಬಿದ್ದುಹೋದರೂ, ಉಳಿದದ್ದನ್ನು ಕಸದೊಡನೆ ಗುಂಡಿಗೆ ಹಾಕಿದರೆ ಎರಡು ಎಕರೆಗೆ ಸಾಕಾಗುವದು. ಮೂರು ವರುಷಕ್ಕೊಮ್ಮೆ ಸರದಿಯ ಮೇಲೆ ಹಾಕುತ್ತ ಹೋದರೆ ಆರು ಎಕರೆಗೆ ಗೊಬ್ಬರ ಮುಟ್ಟಿದಂತಾಗುವದು. ಸಗಣಿಯನ್ನು ಕುಳ್ಳು ತಟ್ಟಿ ಸುಡುವ ಮನೆಗಳವರು ಅದರ ಬದಲು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಗಳನ್ನು ಒಲೆಗೆ ಉಪಯೋಗಿಸುವದು ಲೇಸು.

ಗೊಬ್ಬರವನ್ನು ಬಿತ್ತುವದಕ್ಕೆ ಎರಡು ಮೂರು ವಾರ ಮೊದಲು ಹೇರಿ, ಅದೇ ದಿನ ಹರವಿ, ಕುಂಟೆ ಹೊಡೆದು ಮಣ್ಣಿನಲ್ಲಿ ಬೆರೆಸಬೇಕು. ಸಣ್ಣ ಸಣ್ಣ ಗುಡ್ಡೆ ಮಾಡಿ ವಾರಗಟ್ಟಲೆ ಬಿಸಿಲಿಗೆ ಬಿಡುವ ರೂಢಿಯು ಹಾನಿಕರವಾದದ್ದು. ಕಳಿಯದ ಹಸಿ ಗೊಬ್ಬರವನ್ನು ಹಾಕಲೇಬಾರದು. ಅದರಿಂದ ಗೆದ್ದಲು, ಗೊಣ್ಣೆಹುಳು, ಕಳೆ ಇವು ಹೆಚ್ಚುವವಲ್ಲದೆ, ಕಸವು ಕಳಿಯುವಾಗ ಪೀಕಿನ ಪಾಲಿನ ಸಾರಜನಕವನ್ನೇ ಹೀರುವದು. ಅತಿಯಾಗಿ ಹಾಕುವದೂ ತಪ್ಪು. ಸಾರಜನಕವು ಮಿತಿಮೀರಿದರೆ ಬೇರಿನ ಗಂಟುಗಳು ಕೆಲಸ ಬಿಡುವವು. ಬಳ್ಳಿಯು ಹಬ್ಬಿ ಎಲೆ ತುಂಬಿ ಕಾಯಿ ಕಡಿಮೆಯಾಗುವದು.

ಕೆರೆಯ ಹೂಳು, ಕುರಿಯ ಹಿಂಡು, ಹಸಿರೆಲೆ

ಮಸಾರಿ ಹೊಲಗಳುಳ್ಳವರಿಗೆ ಕೆರೆಯ ಹೂಳು ದೊಡ್ಡ ಸಂಪತ್ತು. ಬೇಸಗೆಯಲ್ಲಿ ಒಣಗಿದ ಕೆರೆಯ ಜಿಗುಟು ಮಣ್ಣನ್ನು ಹೇರಿದರೆ ಹಗುರಾದ ಭೂಮಿಗೆ ಹಸಿ ಹಿಡಿಯುವ ಶಕ್ತಿ ಬರುವದು. ಕೆರೆಯಲ್ಲಿಯೂ ನೀರಿಗೆ ಸ್ಥಳವಾಗುವದು. ಎರೆಯ ಹೊಲಕ್ಕೆ ಇದರ ಅವಶ್ಯಕತೆಯಿಲ್ಲ. ಕ್ಷಾರಗಟ್ಟಿದ ಕೆರೆಯ ಹೂಳನ್ನು ಮಾತ್ರ ಪರೀಕ್ಷೆ ಮಾಡಿಸದೆ ತರಬಾರದು.

ಸುಗ್ಗಿಯ ನಂತರ ಬರುವ ಕುರಿಗಾರರ ಹಿಂಡನ್ನು ಹೊಲದಲ್ಲಿ ರಾತ್ರಿ ನಿಲ್ಲಿಸುವ ಪದ್ಧತಿಯು ಹಿರಿಯರಿಂದ ಬಂದದ್ದು, ಉತ್ತಮವಾದದ್ದು. ಹಿಕ್ಕೆಯೂ ಗಂಜಲವೂ ಎರಡೂ ಅಲ್ಲಿಯೇ ಸೇರುವವು. ಆದರೆ ಹಿಂಡು ಎದ್ದ ಮೇಲೆ ತಡಮಾಡದೆ ಹಗುರಾಗಿ ಕುಂಟೆ ಹೊಡೆದು ಮಣ್ಣು ಮುಚ್ಚದಿದ್ದರೆ ಗಂಜಲದ ಸಾರವು ಗಾಳಿಗೆ ಹೋಗುವದು. ಹೊಲದ ಒಡ್ಡುಗಳ ಮೇಲೆ ಹೊಂಗೆ, ಗ್ಲಿರಿಸಿಡಿಯಾ ಗಿಡಗಳನ್ನು ಬೆಳೆಸಿದರೆ ಪ್ರತಿ ವರುಷವೂ ಹಸಿರೆಲೆ ದೊರೆಯುವದು. ಒಡ್ಡಿನ ಮಣ್ಣೂ ನಿಲ್ಲುವದು. ಬೇವಿನ ಹಿಂಡಿ ದೊರೆತಲ್ಲಿ ಎಕರೆಗೆ 100 ಕಿಲೋ ಸಾಲಿನಲ್ಲಿ ಹಾಕಬಹುದು.

ಜೀವಾಮೃತ ಮತ್ತು ಬೂದಿ

ಇತ್ತೀಚೆಗೆ ಜೀವಾಮೃತದ ಬಳಕೆಯು ಹೆಚ್ಚಾಗಿದೆ. 200 ಲೀಟರ ನೀರಿನಲ್ಲಿ 10 ಕಿಲೋ ಸಗಣಿ, 10 ಲೀಟರ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಹೊಲದ ಮಣ್ಣು ಇವುಗಳನ್ನು ಕಲಸಿ, ನೆರಳಿನಲ್ಲಿಟ್ಟು, ದಿನಾಲು ಕದಡಿ, ಎಕರೆಗೆ ಉಪಯೋಗಿಸುವರು. ಇದರಲ್ಲಿ ಸೂಕ್ಷ್ಮಜೀವಿಗಳಿರುವವಾದರೂ ಪೋಷಕಾಂಶದ ಪ್ರಮಾಣವು ಅತ್ಯಲ್ಪವು. ಆದಕಾರಣ ಇದನ್ನು ಗೊಬ್ಬರದ ಜೊತೆಗೆ ಕೊಡಬೇಕೇ ಹೊರತು ಗೊಬ್ಬರದ ಬದಲಾಗಿ ಅಲ್ಲ. ಹಾಲಿಗೆ ಹಾಕುವ ಹೆಪ್ಪು ಹಾಲಿನ ಕೊರತೆಯನ್ನು ತುಂಬಲಾರದು.

ಒಲೆಯ ಬೂದಿಯಲ್ಲಿ ಪೊಟ್ಯಾಶು ಇದ್ದರೂ ಅದು ಕ್ಷಾರವನ್ನು ಹೆಚ್ಚಿಸುವಂಥದು. ಮಸಾರಿ ಹೊಲಕ್ಕೆ ಮಿತವಾಗಿ ಹಾಕಬಹುದು. ಮೊದಲೇ ಕ್ಷಾರವುಳ್ಳ ಎರೆಗೆ ಹೇರುವದು ಬೇಡ.

ಬೀಜೋಪಚಾರ ಹಾಗೂ ಬಿತ್ತನೆ

ಭೂಮಿಯಲ್ಲಿ ಗಂಟಿನ ಜೀವಿಗಳಿದ್ದರೂ ಬಿಸಿಲಿನ ತಾಪಕ್ಕೆ ಅವುಗಳ ಸಂಖ್ಯೆಯು ಕುಗ್ಗಿರುವದು. ಆದ್ದರಿಂದ ಅಲಸಂದಿಗೆಂದೇ ಸಿದ್ಧಪಡಿಸಿದ ರೈಜೋಬಿಯಮ್ ಜೀವಾಣು ಗೊಬ್ಬರವನ್ನು ಬೀಜಕ್ಕೆ ಹಚ್ಚಿ ಬಿತ್ತುವದು ಹಿತಕರ. ಬೆಲ್ಲದ ಅಂಟು ನೀರನ್ನು ಆರಿಸಿ, ಒಂದು ಎಕರೆಯ ಬೀಜಕ್ಕೆ 200 ಗ್ರಾಮಿನ ಒಂದು ಪೊಟ್ಟಣವನ್ನು ಅದರಲ್ಲಿ ಕಲಸಿ, ಬೀಜಗಳಿಗೆ ಸಮನಾಗಿ ಹತ್ತುವಂತೆ ಮಾಡಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತಬೇಕು. ರಂಜಕ ಕರಗಿಸುವ ಜೀವಾಣುವನ್ನೂ ಜೊತೆಗೆ ಹಚ್ಚಬಹುದು. ಬಿಸಿಲಿನಲ್ಲಿಟ್ಟ ಪೊಟ್ಟಣ, ಅವಧಿ ಮೀರಿದ ಪೊಟ್ಟಣ ಇವು ಸತ್ತ ಬೀಜಕ್ಕೆ ಸಮಾನವು.

ಸಿ-152, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಸಿ-15 ಮೊದಲಾದ ತಳಿಗಳು ಬಳಕೆಯಲ್ಲಿವೆ. ಮೃಗಶಿರ, ಆರಿದ್ರಾ ಮಳೆಗಳಲ್ಲಿ ಹದ ನೋಡಿ, ಎಕರೆಗೆ 8ರಿಂದ 10 ಕಿಲೋ ಬೀಜವನ್ನು ಒಂದೂವರೆ ಫೂಟಿನ ಸಾಲುಗಳಲ್ಲಿ ಕೂರಿಗೆಯಿಂದ ಬಿತ್ತಬೇಕು. ಅಲಸಂದಿಯು ಬರವನ್ನು ತಾಳುವದು, ನಿಂತ ನೀರನ್ನು ತಾಳದು. ಎರೆಯ ತಗ್ಗು ಹೊಲಗಳಲ್ಲಿ ನೀರು ಹರಿದುಹೋಗುವಂತೆ ಹರಿ ಬಿಡಬೇಕು.

ಗೊಬ್ಬರವೂ ಜೀವಾಣುವೂ ಕೆಲಸ ಮಾಡಿವೆಯೋ ಇಲ್ಲವೋ ಎಂಬುದನ್ನು ಹೊಲದಲ್ಲಿಯೇ ನೋಡಬಹುದು. ಬಿತ್ತಿದ 35-40 ದಿನಗಳಿಗೆ ಒಂದೆರಡು ಗಿಡಗಳನ್ನು ಮಣ್ಣು ಸಮೇತ ಅಗೆದು, ಬೇರನ್ನು ನೀರಿನಲ್ಲಿ ಮೆಲ್ಲನೆ ತೊಳೆದು, ಗಂಟನ್ನು ಉಗುರಿನಿಂದ ಸೀಳಬೇಕು. ಒಳಗೆ ಕೆಂಪು ಬಣ್ಣವಿದ್ದರೆ ಗಂಟು ದುಡಿಯುತ್ತಿದೆ. ಬಿಳುಪು ಅಥವಾ ಹಸಿರು ಇದ್ದರೆ ದುಡಿಯುತ್ತಿಲ್ಲವೆಂದು ತಿಳಿಯಬೇಕು.

ಕೊಯ್ಲಿನ ಕಾಲದಲ್ಲಿ ಗಿಡವನ್ನು ಬೇರುಸಹಿತ ಕೀಳದೆ ಕುಡಗೋಲಿನಿಂದ ಕೊಯ್ಯಬೇಕು. ಬೇರೂ ಗಂಟುಗಳೂ ಉದುರಿದ ಎಲೆಗಳೂ ಭೂಮಿಯಲ್ಲಿಯೇ ಉಳಿದು ಹಿಂಗಾರಿಯ ಜೋಳಕ್ಕೆ ಒದಗುವವು. ಹೊಟ್ಟನ್ನು ದನಗಳಿಗೆ ಹಾಕಿ ಅದರ ಸಗಣಿಯನ್ನು ಗುಂಡಿಗೆ ತಿರುಗಿಸಿದರೆ ಹೊಲದ ಸಾರವು ಹೊಲಕ್ಕೇ ಮರಳುವದು.

ಊರ ಪ್ರಮುಖರಲ್ಲಿ, ಜಮೀನುದಾರರಲ್ಲಿ ಬಿನ್ನಹ

ಮೇಲಿನ ಮಾತುಗಳನ್ನು ಓದಿದ ಮಾತ್ರಕ್ಕೆ ನಂಬಬೇಕೆಂದು ನಾವು ಹೇಳುವದಿಲ್ಲ. ಒಂದೇ ಹೊಲದಲ್ಲಿ, ಒಂದೇ ಬಗೆಯ ಮಣ್ಣಿನಲ್ಲಿ, ಐದೈದು ಗುಂಟೆಯ ಎರಡು ಪಟ್ಟಿಗಳನ್ನು ಗುರುತಿಸಿರಿ. ಒಂದಕ್ಕೆ ಲೆಕ್ಕದಂತೆ ಕಳಿತ ಗೊಬ್ಬರ ಹಾಕಿರಿ, ಇನ್ನೊಂದಕ್ಕೆ ಹಾಕಬೇಡಿರಿ; ಬೀಜ, ಬಿತ್ತುವ ದಿನ, ಎಡೆ ಹೊಡೆಯುವದು ಎಲ್ಲವೂ ಒಂದೇ ಆಗಿರಲಿ. ರಾಶಿಯ ದಿನ ಎರಡನ್ನೂ ಬೇರೆ ಬೇರೆಯಾಗಿ ತೂಗಿರಿ. ಆ ತಕ್ಕಡಿಯು ಹೇಳುವ ಮಾತನ್ನು ಊರವರು ಯಾವ ಪತ್ರಿಕೆಯ ಮಾತಿಗಿಂತಲೂ ಹೆಚ್ಚು ನಂಬುವರು.

ಹೊಲವನ್ನು ಬೇರೆಯವರ ದುಡಿಮೆಯಿಂದ ಮಾಡಿಸುವ ಜಮೀನುದಾರರು ಇನ್ನೊಂದು ಮಾತನ್ನು ಯೋಚಿಸಬೇಕು. ಗೊಬ್ಬರದ ಫಲವು ಮೂರು ವರುಷಗಳಲ್ಲಿ ಬರುವಂಥದು. ಮುಂದಿನ ವರುಷ ಈ ಹೊಲದಲ್ಲಿ ತನ್ನ ಕೈಯಿರುವದೋ ಇಲ್ಲವೋ ಎಂಬ ಸಂಶಯವುಳ್ಳವನು ಇಂದು ಐದು ಗಾಡಿ ಗೊಬ್ಬರ ಹೇರಲಾರನು. ಅದು ಅವನ ಆಲಸ್ಯವಲ್ಲ. ಗೊಬ್ಬರದ ಹಾಗೂ ಹೇರುವ ಗಾಡಿಯ ಖರ್ಚನ್ನು ಭೂಮಿಯ ಒಡೆಯನೇ ಹೊತ್ತರೆ ಅದು ದಾನವಾಗದು, ತನ್ನ ಆಸ್ತಿಯ ರಕ್ಷಣೆಯಾಗುವದು.

ಊರಿನ ಹಿರಿಯರೂ ಪಂಚಾಯತಿಯವರೂ ಮನಸ್ಸು ಮಾಡಿದರೆ ಒಬ್ಬ ರೈತನಿಂದಾಗದ ಕೆಲಸಗಳು ನಡೆಯುವವು. ಗೊಬ್ಬರದ ಗುಂಡಿಗಳಿಗೆ ಊರ ಹೊರಗೆ ಸ್ಥಳ ಗೊತ್ತುಮಾಡುವದು, ಕೆರೆಯ ಹೂಳನ್ನು ಸಣ್ಣ ಹಿಡುವಳಿಯವರಿಗೂ ಸಮನಾಗಿ ಹಂಚುವದು, ಕುರಿಗಾರರೊಡನೆ ಊರವರೆಲ್ಲರ ಪರವಾಗಿ ಮಾತಾಡಿ ಹಿಂಡನ್ನು ಸರದಿಯಂತೆ ಹೊಲಗಳಲ್ಲಿ ನಿಲ್ಲಿಸುವದು ಇವು ಅಂಥ ಕೆಲಸಗಳು. ಮಣ್ಣಿನ ಪರೀಕ್ಷೆಗಾಗಿಯೂ ಜೀವಾಣು ಗೊಬ್ಬರಕ್ಕಾಗಿಯೂ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಮಳೆಯನ್ನು ತರಿಸುವದು ಯಾರ ಕೈಯಲ್ಲಿಯೂ ಇಲ್ಲ. ಬಿದ್ದ ಮಳೆಯನ್ನು ಹಿಡಿದಿಡುವ ಭೂಮಿಯನ್ನು ಸಿದ್ಧಪಡಿಸುವದು ನಮ್ಮ ಕೈಯಲ್ಲಿದೆ. ಬರುವ ಮೃಗಶಿರ ಮಳೆಗೆ ಗೊಬ್ಬರ ಬೇಕಾದರೆ ಗುಂಡಿಯನ್ನು ದೀಪಾವಳಿಯ ಹೊತ್ತಿಗೆ ತುಂಬಿ ಮೆತ್ತಿರಬೇಕೆಂಬುದನ್ನು ವಾಚಕರು ಮರೆಯದಿರಲಿ.